ಅಣ್ಣನ ಮೂರ್ತಿ ಎಲ್ಲಿ?

ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುವ ಮರದ ಅಚ್ಚುಗಳು ನಮ್ಮ ಮನೆಯಲ್ಲಿ ಏಳಿವೆ. ಅಮ್ಮ ಕೊಟ್ಟಿದ್ದು. ಗಿಳಿ, ಮೀನು, ಬೃಂದಾವನ, ಕಮಲ, ಗೋಪುರ, ಹಣತೆ, ಆನೆ. ಈ ವರ್ಷ ಹಬ್ಬದ ಹಿಂದಿನ ವಾರ, ರಾತ್ರಿ ಹತ್ತೂವರೆಗೆ, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಅದು ಬೆಳ್ಳಗೆ ತಿರುಗುವ ಹೊತ್ತಿಗೆ ಅಚ್ಚಿಗೆ ಹುಯ್ಯುತ್ತಾ ನಾನು ಯೋಚಿಸುತ್ತಿದ್ದದ್ದು ಒಂದೇ: ಆನೆ ಎರಡು ಆಗಬೇಕು.

ಎರಡಾಯಿತು. ಹಬ್ಬದ ಬೆಳಿಗ್ಗೆ ಇಬ್ಬರ ತಟ್ಟೆಗೂ ಒಂದೊಂದು ಆನೆ ಇಟ್ಟೆ. ಒಂದೇ ಅಚ್ಚು, ಒಂದೇ ಪಾಕ. ಐದು ನಿಮಿಷ ಮನೆ ತಣ್ಣಗಿತ್ತು. ಆಮೇಲೆ ಚಿಕ್ಕೋನು ಎರಡನ್ನೂ ಅಕ್ಕಪಕ್ಕ ಇಟ್ಟು, ನೆಲಕ್ಕೆ ಕೆನ್ನೆ ಆನಿಸಿ ನೋಡಿ, "ಅಮ್ಮಾ, ಅಣ್ಣನ ಆನೆ ನಗ್ತಿದೆ, ನಂದು ನಗ್ತಿಲ್ಲ" ಅಂದ.

ಇದಕ್ಕೆ ನಾನೇನು ಮಾಡಲಿ ಹೇಳಿ.

ದೊಡ್ಡವನಿಗೆ ಒಂಬತ್ತು ತುಂಬಿದೆ, ನಾಲ್ಕನೇ ಕ್ಲಾಸು. ಚಿಕ್ಕವನಿಗೆ ಐದು, ಯುಕೆಜಿ. ಹೆಸರು ಇಲ್ಲಿ ಬೇಡ. ಮನೆಯಲ್ಲೂ ದೊಡ್ಡೋನು, ಚಿಕ್ಕೋನು ಅಂತಲೇ ನಡೆದುಹೋಗಿದೆ. ಹಾಸನದಲ್ಲಿ ಬಾಡಿಗೆ ಮನೆ, ಹಿಂದೆ ಒಂದಿಷ್ಟು ಹಿತ್ತಲು, ಅಲ್ಲೊಂದು ಸೀಬೆ ಮರ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಜೆ ಒಂದು ರೂಪಾಯಿ ಆಚೀಚೆ ಆಗದಂತೆ ಲೆಕ್ಕ ಮುಗಿಸಿ ಬರುವವಳು ನಾನು. ಮನೆಯ ಲೆಕ್ಕ ಮಾತ್ರ ಐದು ವರ್ಷದಿಂದ ತಾಳೆಯಾಗಿಲ್ಲ. ವ್ಯಾನಿನ ಕಿಟಕಿ ಸೀಟು, ನೀಲಿ ಲೋಟ, ಮೊದಲನೇ ದೋಸೆ. ಮೊದಲನೇ ದೋಸೆ ಯಾವಾಗಲೂ ಕಾವಲಿಗೆ ಅಂಟಿ ಹರಿದೇ ಬರುತ್ತದೆ, ಅದಕ್ಕೂ ಜಗಳ. ಹಾಲಿನ ಕೆನೆ ಕಂಡರೆ ವಾಕರಿಕೆ ಬಂದ ಹಾಗೆ ಮುಖ ಮಾಡುವ ದೊಡ್ಡೋನು, ತಮ್ಮನ ಲೋಟದಲ್ಲಿ ಕೆನೆ ಜಾಸ್ತಿ ಇದೆ ಅಂತ ದೂರು ಕೊಡುತ್ತಾನೆ. "ನಿಂಗೆ ಬೇಕೇನೋ?" ಅಂದರೆ ಬೇಡವಂತೆ. ಸುಮ್ಮನೆ ನನಗೆ ಗೊತ್ತಿರಲಿ ಅಂತ ಹೇಳಿದ್ದಂತೆ.

ನಮ್ಮ ಭಾಷೆಯಲ್ಲೇ ಇದರ ಬೀಜ ಇದೆಯೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಕನ್ನಡದಲ್ಲಿ ಬರೀ ಒಡಹುಟ್ಟಿದವನಾಗಿ ಇರಲು ಆಗುವುದಿಲ್ಲ. ಸಹೋದರ ಅನ್ನುವುದು ಭಾಷಣದ ಮಾತು, ಅಡುಗೆಮನೆಯಲ್ಲಿ ಯಾರೂ ಹಾಗನ್ನುವುದಿಲ್ಲ. ಮನೆಯಲ್ಲಿ ಇರುವುದು ಅಣ್ಣ, ಇಲ್ಲ ತಮ್ಮ. ಯಾರು ಮೊದಲು ಯಾರು ಆಮೇಲೆ ಅಂತ ಕೂಗುವಾಗಲೇ ಹೇಳಿಬಿಡಬೇಕು. ನಮ್ಮ ಚಿಕ್ಕೋನು ಆ ಮಾತನ್ನು ಬಳಸುವ ರೀತಿಯೂ ನೋಡುವಂಥದ್ದು. ಏನಾದರೂ ಬೇಕಿದ್ದರೆ "ಅಣ್ಣಾ". ಜಗಳದಲ್ಲಿ ಹೆಸರು. ಬೀದಿಯಲ್ಲಿ ಗೆಳೆಯರ ಎದುರಿಗೆ "ಲೋ".

ಚಿಕ್ಕೋನು ಹುಟ್ಟಿದ್ದು 2020ರ ನವೆಂಬರಿನಲ್ಲಿ. ಕೊರೊನಾ ಕಾಲ, ಮಗು ನೋಡೋಕೆ ಅಂತ ಯಾರೂ ಬರುವ ಹಾಗಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಬಾಗಿಲಲ್ಲಿ ನಿಂತಿದ್ದ ದೊಡ್ಡವನನ್ನು ನೋಡಿ ನನಗೆ ಒಂದು ಕ್ಷಣ ಗಾಬರಿಯಾಯಿತು. ಮೂರು ದಿನದ ಹಿಂದೆ ಬಿಟ್ಟು ಹೋದಾಗ ಕೂಸಿನ ಹಾಗಿದ್ದ. ಈಗ ಅವನ ಪಾದ ನೋಡಿದರೆ ಯಾರದೋ ಗಂಡಸಿನ ಪಾದ. ನಾಲ್ಕೂವರೆ ವರ್ಷದ ಹುಡುಗನ ಪಾದ ಎಷ್ಟಿದ್ದೀತು? ಆದರೆ ಕೈಯಲ್ಲಿ ಅಂಗೈಯಗಲದ ಮಗು ಹಿಡಿದುಕೊಂಡು ನೋಡಿದಾಗ ಹಾಗೇ ಕಂಡಿತು. ಆವತ್ತು ಶುರುವಾದ ಮಾತು, "ನೀನು ದೊಡ್ಡೋನಲ್ವಾ." ಮಗು ಮಲಗಿದೆ, ಕಿರುಚಬೇಡ, ನೀನು ದೊಡ್ಡೋನಲ್ವಾ. ಅವನಿಗೆ ಗೊತ್ತಾಗಲ್ಲ, ಕೊಟ್ಟುಬಿಡು, ನೀನು ದೊಡ್ಡೋನಲ್ವಾ. ದಿನಕ್ಕೆ ಹತ್ತು ಸಲ ಅಂದರೂ ಐದು ವರ್ಷಕ್ಕೆ ಹದಿನೆಂಟು ಸಾವಿರ ದಾಟುತ್ತದೆ. ಬ್ಯಾಂಕಿನವಳ ಬುದ್ಧಿ, ಒಂದು ದಿನ ಕೂತು ಗುಣಿಸಿ ನೋಡಿದೆ.

ಬಾಣಂತನದಲ್ಲಿ ಒಂದು ಮಧ್ಯಾಹ್ನ ಅವನು ಹಾಸಿಗೆ ಪಕ್ಕ ಬಂದು ಕೇಳಿದ, "ಇವನಿಗೆ ನನ್ನಷ್ಟು ವಯಸ್ಸು ಯಾವಾಗ ಆಗುತ್ತೆ?"

"ಇನ್ನು ನಾಲ್ಕು ವರ್ಷಕ್ಕೆ."

"ಆವಾಗ ನಾನು ಚಿಕ್ಕೋನಾಗ್ತೀನಾ?"

ನಕ್ಕುಬಿಟ್ಟೆ. ಫೋನಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ ಕೂಡ.

ಸಂಕ್ರಾಂತಿ ಮುಗಿದ ಮೇಲಿನ ಶನಿವಾರ ಊರಿಗೆ ಹೋದೆವು. ನಮ್ಮವರ ಊರು ಚನ್ನರಾಯಪಟ್ಟಣದ ಹತ್ತಿರ; ತೆಂಗಿನ ಸೀಮೆ. ಎರಡು ವರ್ಷದ ಹಿಂದೆ ನಮ್ಮವರಿಗೂ ಭಾವನಿಗೂ ತೋಟ ಭಾಗವಾಯಿತು. ಜಗಳವಾಡಿ ಅಲ್ಲ, ಸಾಲಕ್ಕೆ ಪಹಣಿ ಬೇರೆ ಬೇರೆ ಇದ್ದರೆ ಅನುಕೂಲ ಅಂತ. ನಮ್ಮ ಕಡೆ ಪದ್ಧತಿ ಏನೆಂದರೆ ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಹಾಗಿದ್ದಾಗ ಪಾಲು ಹಾಕುವವನು ಮೋಸ ಮಾಡಲು ಆಗುವುದಿಲ್ಲ. ಮರ ಇದ್ದದ್ದು 31. ಹದಿನೈದು ಹದಿನೈದು ಸರಿ, ಬಾವಿ ಪಕ್ಕದ ಒಂದು ಮರ ಉಳಿಯಿತು. ಅದರ ಕಾಯಿ ಒಂದು ವರ್ಷ ಅಣ್ಣನಿಗೆ, ಒಂದು ವರ್ಷ ತಮ್ಮನಿಗೆ ಅಂತಾಯಿತು. ಈ ವರ್ಷ ನಮ್ಮದು. ಆದರೂ ಆ ಮರದಿಂದ ಬಿದ್ದ ಕಾಯಿ ನಾನು ಎತ್ತಿಕೊಳ್ಳುವಾಗ ಓರಗಿತ್ತಿ ಕಿಟಕಿಯಲ್ಲಿ ಕಂಡರೆ, ಕೈ ತಾನಾಗಿ ಒಂದು ಚೂರು ಹಿಂದೆ ಹೋಗುತ್ತದೆ. ನಾದಿನಿಯ ವಿಷಯ ಕೇಳುತ್ತೀರಾ? ನಮ್ಮ ರಾಜ್ಯದಲ್ಲಿ 1994ರಿಂದಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವಳು ಬಂದು ಸಹಿ ಹಾಕಿ, ಒಂದು ರೇಷ್ಮೆ ಸೀರೆ ಉಟ್ಟುಕೊಂಡು ಹೋದಳು.

ಹಿರಿಯ ಪಾಲು ಹಾಕುವ ಪದ್ಧತಿಯನ್ನು ನಾನು ಮನೆಗೂ ತಂದಿದ್ದೆ. ಕೊಬ್ಬರಿ ಮಿಠಾಯಿ ಒಂದೇ ಉಳಿದರೆ ದೊಡ್ಡೋನು ಕತ್ತರಿಸಬೇಕು, ಚಿಕ್ಕೋನು ಆರಿಸಬೇಕು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ದೊಡ್ಡೋನಿಗೆ ಗುಟ್ಟು ಸಿಕ್ಕಿತು. ಚಿಕ್ಕೋನ ಕಣ್ಣಿಗೆ ಉದ್ದ ಇದ್ದದ್ದೇ ದೊಡ್ಡದು. ಇವನು ಅಂಚಿನಿಂದ ಉದ್ದಕ್ಕೆ ಕಡ್ಡಿಯ ಹಾಗೆ ಒಂದು ಹೋಳು ಸೀಳಿ, ದಪ್ಪದ ಹೋಳಿನ ತುದಿ ಒಂಚೂರು ಮುರಿದು ಅದರ ಮೇಲೇ ಅಂಟಿಸಿ ಇಡುತ್ತಾನೆ. ಅವನು ಕಡ್ಡಿ ಎತ್ತಿಕೊಂಡು ಗೆದ್ದೆ ಅಂತ ಕುಣಿಯುತ್ತಾನೆ. ಇಬ್ಬರಿಗೂ ಸಂತೋಷ. ನಾನು ನೋಡಿಯೂ ನೋಡದವಳ ಹಾಗೆ ಪಾತ್ರೆ ತೊಳೆಯುತ್ತೇನೆ. ಇದರಲ್ಲಿ ನ್ಯಾಯ ಎಲ್ಲಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿನಲ್ಲಿ ಅವತ್ತು ರಾತ್ರಿ ಹೊದಿಕೆಗೆ ಕಿತ್ತಾಡಿದರು. ಅತ್ತೆ ಎಂದಿನಂತೆ "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಅಂದರು. ಗಾದೆ ಹೇಳಿದ ಮೇಲೆ ಅವರಿಗೇ ಬೇಜಾರಾಯಿತೋ ಏನೋ, ಗೋಡೆಯಾಚೆ ಭಾವನ ಮನೆಯಲ್ಲೂ ಕೇಳಿಸಿತೇನೋ ಅಂತ ದನಿ ತಗ್ಗಿಸಿ, "ಬನ್ರೋ ಇಲ್ಲಿ, ನಾಳೆ ಬೆಟ್ಟ ಹತ್ತೋಕೆ ಹೋಗ್ತೀರಲ್ಲ, ಅಲ್ಲಿ ನಿಂತಿರೋನ ಕತೆ ಹೇಳ್ತೀನಿ" ಅಂತ ಇಬ್ಬರನ್ನೂ ಎರಡು ಪಕ್ಕಕ್ಕೆ ಮಲಗಿಸಿಕೊಂಡರು.

ನಾವು ಜೈನರಲ್ಲ. ಆದರೆ ಆ ಸೀಮೆಯ ಅಜ್ಜಿಯರಿಗೆಲ್ಲ ಬಾಹುಬಲಿ ಮನೆಯ ಹುಡುಗನೇ. ಅತ್ತೆ ಶುರು ಮಾಡಿದರು. ವೃಷಭದೇವನಿಗೆ ನೂರಾ ಒಂದು ಮಕ್ಕಳು ಅಂದರು. ಎಷ್ಟೋ ಇರಲಿ, ತುಂಬಾ ಮಕ್ಕಳು. ದೊಡ್ಡವನು ಭರತ, ಅವನಿಗೆ ಅಯೋಧ್ಯೆ. ಬಾಹುಬಲಿಗೆ ಪೌದನಪುರ. ಇಬ್ಬರು ಹೆಣ್ಣುಮಕ್ಕಳು, ಬ್ರಾಹ್ಮಿ ಮತ್ತು ಸೌಂದರಿ. ಒಬ್ಬಳಿಗೆ ಅಕ್ಷರ ಕಲಿಸಿದ, ಒಬ್ಬಳಿಗೆ ಅಂಕಿ. (ನೆಲ ಗಂಡುಮಕ್ಕಳಿಗೆ, ವಿದ್ಯೆ ಹೆಣ್ಣುಮಕ್ಕಳಿಗೆ. ಯಾವುದಕ್ಕೆ ಯುದ್ಧವಾಯಿತು, ಯಾವುದು ಉಳಿಯಿತು ನೋಡಿ. ಇದು ಅತ್ತೆ ಹೇಳಿದ್ದಲ್ಲ, ಕತ್ತಲಲ್ಲಿ ನನಗೆ ಹೊಳೆದದ್ದು.) ಭರತ ಲೋಕವನ್ನೆಲ್ಲ ಗೆದ್ದು ಬಂದರೆ ಅವನ ಚಕ್ರ ಊರ ಬಾಗಿಲಲ್ಲೇ ನಿಂತುಬಿಟ್ಟಿತು. ಯಾಕೆ? ತಮ್ಮಂದಿರು ಇನ್ನೂ ತಲೆಬಾಗಿಲ್ಲ. ಉಳಿದವರು ಸನ್ಯಾಸ ತಗೊಂಡರು, ಬಾಹುಬಲಿ ಒಪ್ಪಲಿಲ್ಲ. ಸೈನ್ಯಗಳು ಎದುರುಬದುರಾದವು. ಸುಮ್ಮನೆ ಜನ ಯಾಕೆ ಸಾಯಬೇಕು, ನೀವಿಬ್ಬರೇ ಹೊಡೆದಾಡಿಕೊಳ್ಳಿ ಅಂದರು ಮಂತ್ರಿಗಳು. ಮೂರು ಯುದ್ಧ. ಮೊದಲನೆಯದು ದೃಷ್ಟಿಯುದ್ಧ; ಒಬ್ಬರನ್ನೊಬ್ಬರು ರೆಪ್ಪೆ ಬಡಿಯದೆ ನೋಡಬೇಕು. ಎರಡನೆಯದು ಜಲಯುದ್ಧ, ನೀರೆರಚಬೇಕು. ಮೂರನೆಯದು ಮಲ್ಲಯುದ್ಧ.

ಇಬ್ಬರೂ ಎದ್ದು ಕೂತರು.

"ಅಜ್ಜೀ, ಅದು ನಾವಾಡೋದೇ!"

ನಿಜ. ನಮ್ಮ ಮನೆಯಲ್ಲಿ ಈ ಮೂರೂ ಯುದ್ಧ ದಿನಾ ನಡೆಯುತ್ತವೆ, ಅದೇ ಕ್ರಮದಲ್ಲಿ. ಬೆಳಿಗ್ಗೆ ಹಾಸಿಗೆಯಲ್ಲಿ ದೃಷ್ಟಿಯುದ್ಧ: ರೆಪ್ಪೆ ಬಡಿದವನು ಮೊದಲು ಹಲ್ಲುಜ್ಜಬೇಕು. ಚಿಕ್ಕೋನು ನಾಲಿಗೆಯಲ್ಲಿ ಮೂಗು ಮುಟ್ಟಲು ಹೋಗುತ್ತಾನೆ, ದೊಡ್ಡೋನಿಗೆ ನಗು ತಡೆಯಲಾಗದೆ ಕಣ್ಣು ಮುಚ್ಚುತ್ತದೆ. ಬಚ್ಚಲಲ್ಲಿ ಜಲಯುದ್ಧ, ವ್ಯಾನು ಎಂಟೂ ಇಪ್ಪತ್ತಕ್ಕೆ ಬರುತ್ತದೆ, ಎಂಟಕ್ಕೆ ಹಂಡೆ ಖಾಲಿ. ಸಂಜೆ ಮಲ್ಲಯುದ್ಧ. ಅದರಲ್ಲಿ ದೊಡ್ಡೋನೇ ಗೆಲ್ಲಬೇಕು ತಾನೆ? ಇಲ್ಲ. ಕೆಳಗೆ ಬಿದ್ದವನು ಕಿರುಚುತ್ತಾನೆ, ನಾನು ಸೌಟು ಹಿಡಿದು ಓಡಿಬರುತ್ತೇನೆ, ಮೇಲೆ ಕೂತವನಿಗೆ ಬೈಯುತ್ತೇನೆ. ತೀರ್ಪುಗಾರ್ತಿ ನಾನೇ, ಗೆಲ್ಲಿಸುವವಳೂ ನಾನೇ.

"ಮೂರರಲ್ಲೂ ತಮ್ಮನೇ ಗೆದ್ದ" ಅಂದರು ಅತ್ತೆ. ಚಿಕ್ಕೋನು ಹೊದಿಕೆ ಒದ್ದು ಎದ್ದು ನಿಂತ. ಸೋತ ಸಿಟ್ಟಿಗೆ ಭರತ ಚಕ್ರ ಎಸೆದನಂತೆ. ಅದು ತಮ್ಮನಿಗೆ ತಾಗದೆ ಸುತ್ತು ಬಂದು ಪಕ್ಕದಲ್ಲಿ ನಿಂತಿತಂತೆ. ಇಲ್ಲಿ ದೊಡ್ಡೋನು ತಲೆ ತಗ್ಗಿಸಿದ. ದಸರಾ ರಜೆಯಲ್ಲಿ ಹೀಗೇ ಸೋತು ಕೇರಂ ಸ್ಟ್ರೈಕರ್ ಎಸೆದಿದ್ದ. ಅದೂ ತಮ್ಮನಿಗೆ ತಾಗಲಿಲ್ಲ, ದೇವರಮನೆ ಬಾಗಿಲ ಗಾಜಿಗೆ ಹೋಯಿತು.

ಮರುದಿನ ಬೆಳಿಗ್ಗೆ ಶ್ರವಣಬೆಳಗೊಳ. ದೊಡ್ಡಬೆಟ್ಟಕ್ಕೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಹತ್ತಬೇಕು. ಇಳಿಯುವ ಹೊತ್ತಿಗೆ ಬಂಡೆ ಕಾಯುತ್ತದೆ ಅಂತ ಕೆಳಗೆ ಕಾಲುಚೀಲ ಮಾರುತ್ತಾರೆ, ನಾಲ್ಕು ಜೊತೆ ತಗೊಂಡೆವು. ಚಿಕ್ಕೋನು ಮೆಟ್ಟಿಲು ಎಣಿಸುತ್ತಾ ಹೊರಟ. ಮೂವತ್ತೊಂಬತ್ತಾದ ಮೇಲೆ ಐವತ್ತು ಬಂತು. ದೊಡ್ಡೋನು ತಿದ್ದಿದ. ಚಿಕ್ಕೋನು ಸಿಟ್ಟಾಗಿ ಕೆಳಗಿಳಿದು ಒಂದರಿಂದ ಶುರು ಮಾಡಿದ. ನಮ್ಮ ಹಿಂದೆ ಬರುತ್ತಿದ್ದ ವಯಸ್ಸಾದ ದಂಪತಿ ಎರಡು ಸಲ ನಮ್ಮನ್ನು ದಾಟಿ ಹೋದರು.

ಅರ್ಧ ದಾರಿಯಲ್ಲಿ ದೊಡ್ಡೋನಿಗೆ ಜಂಬದ ನೆನಪು ಬಂತು. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಅಪ್ಪನ ಹೆಗಲ ಮೇಲೆ ಕೂತು ಬಂದಿದ್ದವನು ಅವನು. ಆಗ ಎರಡು ವರ್ಷವೂ ತುಂಬಿರಲಿಲ್ಲ, ಒಂದೂ ನೆನಪಿಲ್ಲ. ಫೋನಿನ ಫೋಟೋ ನೋಡಿ ನೋಡಿ ಕಂಡದ್ದೇ ಅಂದುಕೊಂಡಿದ್ದಾನೆ. "ಹಾಲು, ಅರಿಶಿನ, ಗಂಧ ಎಲ್ಲಾ ಮೇಲಿಂದ ಸುರೀತಿತ್ತು. ನೀನು ಇರ್ಲಿಲ್ಲ."

"ನಾನೆಲ್ಲಿದ್ದೆ?"

"ಎಲ್ಲೂ ಇರ್ಲಿಲ್ಲ. ಹುಟ್ಟೇ ಇರ್ಲಿಲ್ಲ."

ಚಿಕ್ಕೋನು ನನ್ನ ಸೆರಗು ಹಿಡಿದು ನಿಂತುಬಿಟ್ಟ. ತಾನಿಲ್ಲದೆ ನಾವು ಮೂವರು ಎಲ್ಲಿಗೋ ಹೋಗಿ ಬಂದಿದ್ದೇವೆ ಅನ್ನುವುದು ಅವನಿಗೆ ಅವತ್ತೇ ಗೊತ್ತಾದದ್ದು ಅನ್ನಿಸುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಆಗುತ್ತದೆ ಕಂದ, 2030ಕ್ಕೆ ನೀನೂ ನೋಡುತ್ತೀಯ ಅಂದೆ. ಆಗ ಅವನಿಗೆ ಒಂಬತ್ತು. ದೊಡ್ಡೋನಿಗೆ ಹದಿಮೂರು ದಾಟಿರುತ್ತದೆ. ನಮ್ಮ ಜೊತೆ ಬರುತ್ತಾನೋ, ಗೆಳೆಯರ ಜೊತೆ ಹೋಗುತ್ತೇನೆ ಅನ್ನುತ್ತಾನೋ.

ಮೇಲೆ ಹೋಗಿ ಪ್ರಾಂಗಣಕ್ಕೆ ಕಾಲಿಟ್ಟರೆ ಎಷ್ಟು ಸಲ ನೋಡಿದ್ದರೂ ಒಮ್ಮೆ ಮಾತು ನಿಲ್ಲುತ್ತದೆ. 58 ಅಡಿ, ಒಂದೇ ಕಲ್ಲು. ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ್ದು. ಕಾಲಿನ ಪಕ್ಕ ಹುತ್ತ, ಹುತ್ತದಲ್ಲಿ ಹಾವು, ತೊಡೆಯಿಂದ ತೋಳಿನವರೆಗೆ ಹಬ್ಬಿದ ಮಾಧವಿ ಬಳ್ಳಿ. ಗೆದ್ದ ರಾಜ್ಯವನ್ನು ಬಿಟ್ಟು ಒಂದು ವರ್ಷ ಹಾಗೇ ನಿಂತಿದ್ದನಂತೆ. ಅಷ್ಟು ನಿಂತರೂ ಜ್ಞಾನ ಆಗಲಿಲ್ಲವಂತೆ. ನಿಂತ ನೆಲ ಅಣ್ಣನದು ಅನ್ನುವ ಒಂದು ಮುಳ್ಳು ಒಳಗಿತ್ತು. ಭರತನೇ ಬಂದು ಕಾಲಿಗೆ ಬಿದ್ದ ಮೇಲೆ ಅದು ಹೋಯಿತು. ಅತ್ತೆ ಈ ಭಾಗ ಹೇಳುವಷ್ಟರಲ್ಲಿ ಹುಡುಗರು ನಿದ್ದೆ ಹೋಗಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ.

ಚಿಕ್ಕೋನು ಕತ್ತೆತ್ತಿ ನೋಡಿ, ನಾನು ಹೆದರಿದ್ದ ಪ್ರಶ್ನೆಯನ್ನೇ, ನೂರು ಜನರ ಮಧ್ಯೆ, ಗಟ್ಟಿಯಾಗಿ ಕೇಳಿದ. "ಚಡ್ಡಿ ಯಾಕಿಲ್ಲ?"

ದೊಡ್ಡೋನು ಅವನ ಬಾಯಿ ಮುಚ್ಚಿ ಕಿವಿಯಲ್ಲಿ ಹೇಳಿದ. "ಎಲ್ಲಾ ಅಣ್ಣನಿಗೆ ಕೊಟ್ಬಿಟ್ಟ ಅಂತ ಅಜ್ಜಿ ಹೇಳಿಲ್ವಾ? ರಾಜ್ಯ, ಕಿರೀಟ, ಬಟ್ಟೆ, ಎಲ್ಲಾ."

ಚಿಕ್ಕೋನು ತನ್ನ ಅಂಗಿ ನೋಡಿಕೊಂಡ. ಅದು ಎರಡು ವರ್ಷ ಅಣ್ಣ ಹಾಕಿ ಬಿಟ್ಟ ಅಂಗಿ. ಅವನ ಮೈಮೇಲಿನದೆಲ್ಲ ಬಹುಪಾಲು ಹಾಗೇ ಬಂದದ್ದು. ತಮ್ಮನ ಬಟ್ಟೆ ಅಣ್ಣನಿಗೆ ಹೋಗುವ ಲೋಕವೂ ಇದೆಯೇ ಅಂತ ಅವನು ಬಾಯಿ ಬಿಟ್ಟುಕೊಂಡು ಮತ್ತೆ ಮೇಲೆ ನೋಡಿದ.

ಇಳಿಯುವಾಗ ದೊಡ್ಡೋನು ಕೇಳಿದ, "ಅಮ್ಮಾ, ಅಣ್ಣನ ಮೂರ್ತಿ ಎಲ್ಲಿ?"

ಅಖಂಡ ಬಾಗಿಲ ಹತ್ತಿರ ಇದ್ದೆವು. ಅಲ್ಲೇ ಇತ್ತು. ಬಾಗಿಲ ಒಂದು ಪಕ್ಕದ ಸಣ್ಣ ಗುಡಿಯಲ್ಲಿ ಬಾಹುಬಲಿ, ಇನ್ನೊಂದು ಪಕ್ಕ ಭರತ. ಹೊಯ್ಸಳರ ಕಾಲದಲ್ಲಿ ಭರತೇಶ್ವರ ಅನ್ನುವ ದಂಡನಾಯಕ ಮಾಡಿಸಿದ್ದು. ಬಹುಶಃ ಹೆಸರಿನ ಅಭಿಮಾನ. ಎಷ್ಟೋ ಸಲ ಆ ಬಾಗಿಲು ದಾಟಿದ್ದೇನೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ದೊಡ್ಡೋನು ಇಣುಕಿ ನೋಡಿ, "ಇಷ್ಟೇನಾ?" ಅಂದ.

ಚಿಕ್ಕಬೆಟ್ಟದಲ್ಲಿ ಇನ್ನೊಂದಿದೆ ಅಂತ ನಮ್ಮವರಿಗೆ ಗೊತ್ತಿತ್ತು. ಮಧ್ಯಾಹ್ನದ ಊಟ ಮಾಡಿ ಅದನ್ನೂ ಹತ್ತಿದೆವು. ಅದು ಸಣ್ಣ ಬೆಟ್ಟ, ಜನ ಕಡಿಮೆ, ಬಸದಿಗಳ ನೆರಳು. ಆ ಮೂರ್ತಿ ಒಂಬತ್ತಡಿ ಇದ್ದೀತು. ಭುಜ, ಎದೆ, ಮುಖ ಎಲ್ಲ ಚೆನ್ನಾಗಿದೆ, ಕೆಳಗೆ ಕಾಲು ಪೂರ್ತಿ ಇಲ್ಲ. ನೆಲದಲ್ಲಿ ಹೂತವನ ಹಾಗೆ ಬಯಲಲ್ಲಿ ನಿಂತಿದ್ದಾನೆ. ಆಚೆ ದೊಡ್ಡಬೆಟ್ಟದ ತುದಿ ಕಾಣುತ್ತದೆ, ತಮ್ಮ ಇರುವ ಕಡೆ.

ಚಿಕ್ಕೋನು ಓತಿಕ್ಯಾತ ಹುಡುಕಿಕೊಂಡು ಹೋದ. ದೊಡ್ಡೋನು ಮೂರ್ತಿಯ ಸುತ್ತ ಒಂದು ಸುತ್ತು ಬಂದ. "ಯಾಕೆ ಪೂರ್ತಿ ಮಾಡಿಲ್ಲ?"

"ಒಡೆದಿರಬಹುದು ಕಣೋ" ಅಂದರು ಅವರಪ್ಪ.

"ಅಥವಾ" ಅಂದ ಅವನು, ಬಾಟಲಿಯ ಮುಚ್ಚಳ ತೆಗೆಯುತ್ತಾ, "ಇವನು ದೊಡ್ಡೋನಲ್ವಾ, ಪರವಾಗಿಲ್ಲ ಅಂತ ಬಿಟ್ಟಿರ್ತಾರೆ."

ದೂರಿನ ದನಿಯಲ್ಲ. ಕೆನೆಯ ವಿಷಯ ಹೇಳುವಾಗ ಇರುತ್ತದಲ್ಲ, ಸುಮ್ಮನೆ ನಿಮಗೆ ಗೊತ್ತಿರಲಿ ಅನ್ನುವ ದನಿ, ಅದು. ನೀರು ಕುಡಿದು ಬಾಟಲಿ ನನ್ನ ಕೈಗೆ ಕೊಟ್ಟು ತಮ್ಮನನ್ನು ಹುಡುಕಿಕೊಂಡು ಹೋದ. ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಉಳಿಸಿದ್ದು ಯಾರಿಗೆ ಅಂತ ನಾನು ಕೇಳಲಿಲ್ಲ.

ಭರತನ ಮಿಕ್ಕ ಕತೆಯನ್ನು ಅತ್ತೆಯಿಂದ ಆಮೇಲೆ ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ತಮ್ಮ ಬಿಟ್ಟುಹೋದ ರಾಜ್ಯವನ್ನು ಅವನು ಬಹಳ ಕಾಲ ಆಳಿದ, ಕಂದಾಯ, ತಕರಾರು, ಎಲ್ಲ ನೋಡಿಕೊಂಡ. ಕೊನೆಗೆ ದೀಕ್ಷೆ ತಗೊಂಡಾಗ ಅವನಿಗೆ ವರ್ಷಗಟ್ಟಲೆ ನಿಲ್ಲುವ ಕೆಲಸವೇ ಬೀಳಲಿಲ್ಲ, ಒಂದು ಮುಹೂರ್ತ ತುಂಬುವುದರೊಳಗೆ ಕೇವಲಜ್ಞಾನ, ಅಂದರೆ ಪೂರ್ಣಜ್ಞಾನ, ಆಯಿತು. ಇದನ್ನು ದೊಡ್ಡೋನಿಗೆ ಹೇಳಿದೆ. "ಮೊದಲೇ ಎಲ್ಲಾ ಪ್ರಾಕ್ಟೀಸ್ ಆಗಿತ್ತೇನೋ" ಅಂದು ಹೋಂವರ್ಕಿಗೆ ಕೂತ.

"ನೀನು ದೊಡ್ಡೋನಲ್ವಾ" ಅನ್ನುವುದನ್ನು ಬಿಡಬೇಕು ಅಂತ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಎಂಟು ಹತ್ತಕ್ಕೆ, ಒಂದು ಕಾಲಿಗೆ ಶೂ ಹಾಕಿಕೊಂಡು ಚಿಕ್ಕೋನು ಅಳುತ್ತಿದ್ದಾಗ ಬಾಯಿಂದ ಅರ್ಧ ಬಂದೇಬಿಟ್ಟಿತು. "ನೀನು ದೊಡ್..." ದೊಡ್ಡೋನು ಅಷ್ಟಕ್ಕೇ ಎದ್ದು ಹೋಗಿ ಇನ್ನೊಂದು ಶೂ ಹುಡುಕಿ ತಂದ.

ಮುಂದಿನ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಸದ್ದೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಹೋಗಿ ನೋಡಬೇಕು. ಒಲೆ ಸಣ್ಣ ಮಾಡಿ ಹಿತ್ತಲ ಬಾಗಿಲಿಗೆ ಬಂದೆ.

ಸೀಬೆ ಮರದ ಕೆಳಗೆ ಚಿಕ್ಕೋನು ನೆಟ್ಟಗೆ ನಿಂತಿದ್ದ. ಮೈಮೇಲೆ ಚಡ್ಡಿಯೊಂದು ಬಿಟ್ಟು ಏನಿಲ್ಲ. ಎರಡು ಕೈ ಇಳಿಬಿಟ್ಟು, ದೂರ ನೋಡುತ್ತಾ. ಯಾರು ಬಾಹುಬಲಿ ಅನ್ನುವುದಕ್ಕೆ ಬೆಳಿಗ್ಗೆ ಒಂದು ಸುತ್ತು ಜಗಳ ಆಗಿತ್ತು, ನನಗೆ ಕೇಳಿಸಿತ್ತು. "ಆಯ್ತು, ನೀನೇ ಬಾಹುಬಲಿ. ಆದ್ರೆ ಟೀವಿ ರಿಮೋಟ್ ನಂದು" ಅಂತ ದೊಡ್ಡೋನು ಒಪ್ಪಂದ ಮಾಡಿಕೊಂಡಿದ್ದ. ಈಗ ಕಾಂಪೌಂಡಿನ ಅಮೃತಬಳ್ಳಿಯನ್ನು ಮಾರುದ್ದ ಕಿತ್ತು ತಂದು, ಮಂಡಿಯೂರಿ, ತಮ್ಮನ ಕಾಲಿಗೆ ಸುತ್ತುತ್ತಿದ್ದ. ಪಾದದಿಂದ ಶುರು ಮಾಡಿ ಮೊಣಕಾಲು, ತೊಡೆ. ಎಲೆ ಹೊರಗೆ ಕಾಣುವ ಹಾಗೆ ಒಂದೊಂದನ್ನೇ ತಿರುಗಿಸಿ ಇಡುತ್ತಿದ್ದ. ರಿಮೋಟು ಅವನ ಜೇಬಿನಲ್ಲಿತ್ತು.

"ಅಲ್ಲಾಡ್ಬೇಡ. ತೋಳಿಗೆ ಇನ್ನೂ ಬಾಕಿ ಇದೆ."

"ಅಣ್ಣಾ."

"ಮಾತಾಡ್ಬೇಡ. ಅವನು ಒಂದು ವರ್ಷ ಮಾತಾಡಿಲ್ಲ."

"ಅಣ್ಣಾ, ಮೂಗು ಕೆರೀತಿದೆ."

ದೊಡ್ಡೋನು ಬಳ್ಳಿಯನ್ನು ಎಡಗೈಗೆ ತಗೊಂಡು, ಬಲಗೈ ಬೆರಳನ್ನು ಚಡ್ಡಿಗೆ ಒರೆಸಿಕೊಂಡು, ಎದ್ದು ನಿಂತು ಅವನ ಮೂಗು ಕೆರೆದ.

"ಇಲ್ಲೇನಾ?"

"ಸ್ವಲ್ಪ ಮೇಲೆ."